ಹಲಗೆಗೆ ಇಳಿಯದ ಮದ್ದಳೆ

ಮೊನ್ನೆ ಬ್ರಹ್ಮಾವರಕ್ಕೆ ಹೋಗುವಾಗ ಬಸ್ಸು ಕೋಟದ ಹತ್ತಿರ ನಿಂತುಬಿಟ್ಟಿತು. ಡ್ರೈವರ್ ತನ್ನ ಪಕ್ಕದ ಇಂಜಿನ್ ಮುಚ್ಚಳ ಎತ್ತಿದ್ದೇ ತಡ, ಬಿಸಿ ರಬ್ಬರು, ಡೀಸೆಲ್ಲು, ಸುಟ್ಟ ಎಣ್ಣೆ ಎಲ್ಲ ಒಟ್ಟಾದ ವಾಸನೆ ಮುಖಕ್ಕೇ ರಾಚಿತು. ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಹಿಡಿಯಲಿಲ್ಲ. ನನಗೆ ಬಂದದ್ದು ಸಿಟ್ಟು. ಡ್ರೈವರ್ ಮೇಲಲ್ಲ, ಬಸ್ಸಿನ ಮೇಲೂ ಅಲ್ಲ. ಸತ್ತು ಎರಡು ವರ್ಷವಾದ ಒಬ್ಬ ಮನುಷ್ಯನ ಮೇಲೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು, ಮಕ್ಕಳು ನನಗೆ ಇಟ್ಟ ಅಡ್ಡಹೆಸರುಗಳೆಲ್ಲ ಬೆಂಕಿ, ಕೆಂಡ, ಮೆಣಸು ಇಂಥವೇ. ಆದರೆ ಆ ಸಿಟ್ಟೆಲ್ಲ ಬಂದ ಹಾಗೆ ಇಳಿದೂ ಹೋಗುತ್ತಿತ್ತು. ಇದೊಂದು ಇಳಿದಿಲ್ಲ.

ಅವರನ್ನು ನಾವೆಲ್ಲ ಇಂಜಿನಣ್ಣ ಎನ್ನುತ್ತಿದ್ದೆವು. ತ್ರಾಸಿಯಿಂದ ಗಂಗೊಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆಯಿಂದ ಎರಡನೆಯದು ಅವರ ಮನೆ. ಗಂಗೊಳ್ಳಿ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಇಂಜಿನ್ ಮೆಕ್ಯಾನಿಕ್ ಆಗಿದ್ದರು. ಬೋಟು ಕಡಲಲ್ಲಿದ್ದಾಗಲೂ ಎಷ್ಟೋ ಸಲ ಇಂಜಿನ್ನಿನ ಪಕ್ಕದಲ್ಲೇ ಕೂತು ಹೋಗಿ ಬಂದವರು. ಹಲಗೆಯ ಕೆಳಗಿನ ಆ ಗೂಡಿನಲ್ಲಿ, ಆ ಸದ್ದಿನಲ್ಲಿ, ಇಪ್ಪತ್ತೆಂಟು ವರ್ಷ. ಕಿವಿಗೆ ಇಟ್ಟುಕೊಳ್ಳಲು ಒಂದು ಚಿಟಿಕೆ ಹತ್ತಿ ಯಾರೂ ಕೊಟ್ಟವರಿಲ್ಲ. ಕೊನೆಗೆ ಕರೆದರೆ ತಿರುಗಿ ನೋಡುವುದಿಲ್ಲ ಎಂದು ಗೊತ್ತಾದಾಗ ಬೋಟಿನ ಯಜಮಾನರು ಒಂದು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದರಂತೆ. ಶಾಲಂತೆ ಶಾಲು! ಕಿವಿಗೆ ಹೊದ್ದುಕೊಳ್ಳಬೇಕಿತ್ತೇನೋ.

ಅವರು ಮಾತ್ರ ಕೇಳಿದವರಿಗೆಲ್ಲ "ಸಣ್ಣಕ್ಕೆ ಕೇಂತ್ತ್" ಎನ್ನುತ್ತಿದ್ದರು. ಅಲ್ಪಸ್ವಲ್ಪ ಕೇಳುತ್ತದೆ ಎಂದು ನಾವೂ ನಂಬಿದೆವು. ಎದುರು ನಿಂತು ಮಾತಾಡಿದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ತುಟಿ ನೋಡಿ ಮಾತು ಹಿಡಿಯುತ್ತಿದ್ದಾರೆ ಎಂದು ನನ್ನಂಥ ಜಾಣೆಗೆ ಹೊಳೆಯಲೇ ಇಲ್ಲ.

ನಮ್ಮ ಮನೆಗೆ ಅವರು ಬರಲು ಶುರುಮಾಡಿದ್ದು ನನ್ನ ತಮ್ಮನ ಸ್ಪೀಕರುಗಳು ಬಂದ ಮೇಲೆ. ತಮ್ಮ ಮುಂಬೈಯಲ್ಲಿ ಹೋಟೆಲು ನಡೆಸಿಕೊಂಡಿದ್ದವನು, ಸಣ್ಣ ಫ್ಲಾಟಿಗೆ ಹೋಗುವಾಗ ಅವುಗಳನ್ನು ಕಂಬಳಿ ಸುತ್ತಿ ಲಾರಿಯಲ್ಲಿ ಹಾಕಿ ನನಗೆ ಕಳಿಸಿದ. ಎರಡೂ ನನ್ನ ಸೊಂಟಕ್ಕಿಂತ ಎತ್ತರ. ಕೆಳಗೆ ಜಾಗವಿಲ್ಲದೆ ಉಪ್ಪರಿಗೆಯಲ್ಲಿ ಇಡಿಸಿದೆ. ನಮ್ಮದು ಹಳೆಯ ಕಾಲದ ಉಪ್ಪರಿಗೆ, ತೊಲೆಗಳ ಮೇಲೆ ಮರದ ಹಲಗೆ ಬಡಿದ ನೆಲ. ಅಪ್ಪಯ್ಯ ಆಟಗಳಿಗೆ ಹೋಗಿ ಟೇಪಿನಲ್ಲಿ ತುಂಬಿಸಿಟ್ಟ ಯಕ್ಷಗಾನದ ಪದ್ಯಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿದ್ದೆ. ಸಂಜೆ ನಾಲ್ಕಕ್ಕೆ ಚಹಾ ಕುಡಿದು ಹಾಕಿಕೊಂಡು ಕೂತರೆ ಆರರವರೆಗೆ ನನ್ನನ್ನು ಯಾರೂ ಮಾತಾಡಿಸುವಂತಿಲ್ಲ.

ಒಂದು ದಿನ ಪದ್ಯ ಹಾಕಿದ್ದಾಗ ಇಂಜಿನಣ್ಣ ಗೇರುಹಣ್ಣು ಕೊಡಲು ಬಂದವರು ಕೆಳಗೆ ಕಂಬಕ್ಕೆ ಕೈ ಕೊಟ್ಟು ನಿಂತಿದ್ದರು. ಮೇಲೆ ಬನ್ನಿ ಎಂದೆ. ಬಂದರು, ಕೂತರು. ಮಾರನೇ ದಿನವೂ ಬಂದರು. ಆಮೇಲೆ ಮಳೆ ಇರಲಿ, ಬಿಸಿಲಿರಲಿ, ನಾಲ್ಕೂ ಕಾಲಿಗೆ ಗೇಟಿನ ಸದ್ದು. ಹಾಗೆ ಸುಮಾರು ಎರಡು ವರ್ಷ...

ಬಂದವರು ಕೂರುತ್ತಿದ್ದದ್ದು ನೆಲದ ಮೇಲೆ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಪಾದ ಊರಿ, ಎಡಗೈಯನ್ನು ಹಲಗೆಯ ಮೇಲೆ ಚಪ್ಪಟೆ ಇಟ್ಟು. ನನ್ನ ಎದುರು ಕುರ್ಚಿಯಲ್ಲಿ ಕೂರಲು ಅವರಿಗೆ ಹಿಂಜರಿಕೆ ಎಂದುಕೊಂಡೆ. ಅವರು ಕಡಲಿನವರು, ನಾವು ಗದ್ದೆಯವರು, ಅವರ ಅಪ್ಪ ನಮ್ಮ ಅಜ್ಜಯ್ಯನ ಎದುರು ಚಾವಡಿಯ ಮೆಟ್ಟಿಲು ದಾಟದಿದ್ದ ಕಾಲವೊಂದಿತ್ತಲ್ಲ, ಅದರ ನೆನಪು ಇನ್ನೂ ಬಿಟ್ಟಿಲ್ಲ ಎಂದುಕೊಂಡೆ. ಈ ಕಾಲದಲ್ಲೂ ಇದೆಂಥ ಸಂಕೋಚ ಎಂದು ಗದರಿಸಿ ಬೆತ್ತದ ಕುರ್ಚಿ ಎಳೆದು ಕೂರಿಸಿದೆ. ನನ್ನ ದೊಡ್ಡ ಮನಸ್ಸಿನ ಬಗ್ಗೆ ನನಗೇ ಹೆಮ್ಮೆ. ಹತ್ತು ನಿಮಿಷ ಕೂತರು, ಮೆಲ್ಲ ಮತ್ತೆ ಕೆಳಗೆ ಇಳಿದರು.

"ಇಲ್ಲೇ ಆತ್ತ್ ಟೀಚರೇ. ಕುರ್ಚಿ ನಂಗ್ ಸರಿ ಆತಿಲ್ಲೆ."

ಹಾಗಾದರೆ ಚಾಪೆಯಾದರೂ ಇರಲಿ ಎಂದು ಹಾಸಿದೆ. ಮರುದಿನ ನೋಡಿದರೆ ಅದನ್ನು ಮಡಿಸಿ ಗೋಡೆಗೆ ಒರಗಿಸಿಟ್ಟು ಬರಿ ಹಲಗೆಯ ಮೇಲೆ ಕೂತಿದ್ದಾರೆ. ಹಟಮಾರಿ ಎಂದು ಬೈದುಕೊಂಡು ಸುಮ್ಮನಾದೆ. ಮದ್ದಳೆಯ ಪೆಟ್ಟು ಬಿದ್ದ ಹಾಗೆ ಅವರ ಬೆರಳು ಆಡುತ್ತಿತ್ತು. ತಾಳ ಬದಲಾದರೆ ನನಗಿಂತ ಮೊದಲು ತಲೆ ಎತ್ತುತ್ತಿದ್ದರು. ಸಣ್ಣಕ್ಕೆ ಕೇಳುತ್ತದಲ್ಲ, ದೊಡ್ಡ ಸ್ಪೀಕರು ಬೇರೆ, ಅದಕ್ಕೇ ಇರಬೇಕು ಎಂದುಕೊಂಡೆ.

ಇಂಥವಳು ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಪ್ರತಿ ವರ್ಷ ಮಾಡಿಸುತ್ತಿದ್ದ ಪ್ರಯೋಗ ಯಾವುದು ಗೊತ್ತೇ? ಬೆಂಚಿನ ಈ ತುದಿಗೆ ಕಿವಿ ಇಟ್ಟುಕೊಳ್ಳಿ, ಆ ತುದಿಯಲ್ಲಿ ಪೆನ್ಸಿಲಿನಿಂದ ಬಡಿಯುತ್ತೇನೆ, ಗಾಳಿಗಿಂತ ಮರದಲ್ಲಿ ಸದ್ದು ಎಷ್ಟು ಚೆನ್ನಾಗಿ ಬರುತ್ತದೆ ನೋಡಿ ಎಂದು. ಮೂವತ್ತು ವರ್ಷ ಮಾಡಿಸಿದೆ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎನ್ನುತ್ತಾರಲ್ಲ. ನನ್ನ ಮುಕ್ಕಾಲು ಎಲ್ಲಿ ಹೋಗಿತ್ತೋ, ಬೆಂಕಿ ಬೀಳಲಿ ಅದಕ್ಕೆ.

ಅಷ್ಟರಲ್ಲಿ ನನಗೊಂದು ತಕರಾರು ಶುರುವಾಗಿತ್ತು. ಸ್ಪೀಕರಿನ ಸದ್ದು ಹಲಗೆಗೆ ಇಳಿದು ಇಡೀ ಉಪ್ಪರಿಗೆ ಗುಂಯ್ ಎನ್ನುತ್ತಿತ್ತು. ಮದ್ದಳೆಯ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಗೊಜ್ಜು. ಭಾಗವತರು ಸ್ವರ ಇಳಿಸಿದರೆ ಪದ್ಯದ ಅಕ್ಷರವೇ ತಿಳಿಯದು. ಕೆಳಗೆ ಅಡುಗೆಮನೆಯಲ್ಲಿ ಲೋಟಗಳು ಬೇರೆ ಗಿಲಕಿ ಆಡಿಸುತ್ತಿದ್ದವು. ಮಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದರೆ ಅವನು, ಮೇಡಂ, ಮರದ ನೆಲ ತೆಗೆಸಿ ಸ್ಲ್ಯಾಬ್ ಹಾಕಿಸಿ ಎಂದ. ಸ್ಪೀಕರಿಗೋಸ್ಕರ ಮನೆ ಕೆಡವಬೇಕಂತೆ! ಅವನಿಗೂ ಸರಿಯಾಗಿ ಮಂಗಳಾರತಿ ಮಾಡಿ ಫೋನ್ ಇಟ್ಟೆ.

ಅದೇ ಸಂಜೆ ಇಂಜಿನಣ್ಣನ ಎದುರು ಇದನ್ನೆಲ್ಲ ಕಾರಿಕೊಂಡೆ. ಪೆಟ್ಟಿಗೆ ಹಾಡುವುದಕ್ಕಿಂತ ನೆಲವೇ ಜೋರು ಹಾಡುತ್ತದೆ, ಈ ಸದ್ದು ನೆಲಕ್ಕೆ ಇಳಿಯದ ಹಾಗೆ ಮಾಡುವವರು ಯಾರಾದರೂ ಇದ್ದಾರೆಯೇ ಎಂದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹಲಗೆಯ ಮೇಲಿದ್ದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಬೋಟಲ್ಲೂ ಹಾಂಗೇ. ಇಂಜಿನ್ ಬುಡಕ್ಕೆ ರಬ್ಬರ್ ಇಲ್ದಿರೆ ಇಡೀ ಬೋಟೇ ನಡ್ಗತ್ತ್. ನಾ ಮಾಡಿ ಕೊಡ್ತೆ ಕಾಣಿ."

ಬಂದರಿನ ಗುಜರಿಯಿಂದ ಹಳೆಯ ಇಂಜಿನ್ ರಬ್ಬರುಗಳನ್ನು ಚೀಲದಲ್ಲಿ ತಂದರು. ಮನೆಯೆಲ್ಲ ಡೀಸೆಲ್ ಮತ್ತು ಮೀನಿನ ವಾಸನೆ. ಅಂಗಳದಲ್ಲಿ ಕೂತು ಗರಗಸವನ್ನು ಸೋಪಿನ ನೀರಲ್ಲಿ ಅದ್ದಿ ಅದ್ದಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದರು. ಅಡುಗೆಮನೆ ಕಟ್ಟೆಗೆ ತಂದು ಉಳಿದಿದ್ದ ಗ್ರಾನೈಟನ್ನು ಎರಡು ತುಂಡು ಮಾಡಿಸಿದರು. ಕೆಳಗೆ ರಬ್ಬರು, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಸ್ಪೀಕರು. ಇಷ್ಟೇ ತಾನೇ ಎಂದೆ. ಇಷ್ಟೇ ಅಲ್ಲವಂತೆ. ರಬ್ಬರು ಗಟ್ಟಿಯಾದರೆ ಸದ್ದು ದಾಟಿಯೇ ದಾಟುತ್ತದೆ, ತೀರಾ ಮೆತ್ತಗಾದರೆ ಪೆಟ್ಟಿಗೆ ತೂಗಾಡುತ್ತದೆ, ಮೇಲಿನ ಭಾರಕ್ಕೆ ಸರಿಯಾಗಿ ಅಷ್ಟೇ ಅಷ್ಟು ಅಮುಕಿಕೊಳ್ಳಬೇಕು. ಸ್ಪೀಕರನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಎತ್ತಿ ನೋಡಿ, ಆಯಸ್ಕಾಂತ ಇರುವ ಮುಂದಿನ ಬದಿಯೇ ಭಾರ ಎಂದರು. ಮುಂದೆ ಗಟ್ಟಿ ಬಿಲ್ಲೆ ಎರಡು, ಹಿಂದೆ ಮೆತ್ತನೆಯವು ಎರಡು.

ಮೊದಲ ಸಲ ಇಟ್ಟಾಗ ನಾನು ಪದ್ಯ ಹಾಕಿದೆ. ಅವರು ಬರಿಗಾಲಲ್ಲಿ ಸ್ಪೀಕರಿನ ಸುತ್ತ, ಗೋಡೆಯ ಬದಿ, ಬಾಗಿಲ ಹತ್ತಿರ ಒಂದೊಂದೇ ಹೆಜ್ಜೆ ಇಟ್ಟು ನಿಂತು ನೋಡಿದರು. "ಇನ್ನೂ ಬತ್ತಿತ್ತ್" ಎಂದರು, ಸದ್ದು ಇನ್ನೂ ನೆಲಕ್ಕೆ ಬರುತ್ತಿದೆಯಂತೆ, ಎಲ್ಲ ತೆಗೆದರು. ಎರಡನೇ ಸಲ ಸ್ಪೀಕರು ಕುಡಿದವನ ಹಾಗೆ ಓಲಾಡಿತು. ಹೀಗೆ ಹದಿನೈದು ದಿನ. ಯಾಕೆ ಇಷ್ಟು ಒದ್ದಾಡುತ್ತೀರಿ, ಸಾಕು ಬಿಡಿ ಎಂದರೆ ಕೇಳುವ ಜಾತಿಯಲ್ಲ.

ಕೊನೆಯ ಸಲ ಇಟ್ಟ ದಿನ ಪದ್ಯ ಮುಗಿದರೂ ಅವರು ನಿಂತಲ್ಲಿಂದ ಅಲುಗಲಿಲ್ಲ. ಇನ್ನೊಂದು ಸಲ ಹಾಕಿ ಎಂದರು. ಹಾಕಿದೆ. ಕೂತು ಕೈ ಇಟ್ಟರು. ಮತ್ತೊಂದು ಸಲ ಎಂದರು. ಎಷ್ಟು ಸಲ ಹಾಕುವುದು ಮಾರಾಯ್ರೇ ಎಂದು ರೇಗಿದೆ, ಆದರೂ ಹಾಕಿದೆ. ಆಮೇಲೆ ಎದ್ದರು.

"ಈಗ ಇಲ್ಲೆ. ನಿಮ್ಗೆ ಲಾಯ್ಕ್ ಕೇಂತಾ?"

ಲಾಯ್ಕಾ? ಆ ಕೇಳಿಕೆಯನ್ನು ಹೇಗೆ ಹೇಳಲಿ! ಮದ್ದಳೆಯ ಒಂದೊಂದು ಬೆರಳೂ ಬೇರೆ ಬೇರೆ. ಭಾಗವತರು ಉಸಿರು ಎಳೆದುಕೊಳ್ಳುವುದು ಸಹ ಕೇಳುತ್ತಿತ್ತು. ಹಿಂದೆ ಎಲ್ಲೋ ಅಪ್ಪಯ್ಯ ಕೆಮ್ಮಿದ್ದು ಟೇಪಿನಲ್ಲಿ ಉಳಿದಿತ್ತು, ಅದೂ ಕೇಳಿತು. ನಾನು ಅತ್ತೇಬಿಟ್ಟೆ. ಇಂಜಿನಣ್ಣ ನನ್ನ ಮುಖ ನೋಡಿ ನಕ್ಕು, ಗರಗಸ ಚೀಲಕ್ಕೆ ಹಾಕಿಕೊಂಡು ಹೋದರು.

ಆಮೇಲೆ ಮೂರು ದಿನ ಬಂದರು. ಕೂತರು, ಕೈ ಇಟ್ಟರು, ಅರ್ಧದಲ್ಲೇ ಎದ್ದು ಹೋದರು. ನಾಲ್ಕನೇ ದಿನದಿಂದ ಗೇಟಿನ ಸದ್ದಿಲ್ಲ. ಹೇಳಿ ಕಳಿಸಿದೆ, ಕೆಲಸವಿದೆ ಎಂದರು. ಮತ್ತೊಮ್ಮೆ ಹೇಳಿ ಕಳಿಸಿದೆ, ಸೊಂಟನೋವು ಎಂದರು. ಸೊಂಟನೋವಿನವರು ದಿನಾ ಬಂದರಿನವರೆಗೆ ನಡೆದು ಹೋಗುವುದು ನನಗೆ ಕಿಟಕಿಯಿಂದ ಕಾಣುವುದಿಲ್ಲವೇ? ಮೈಯೆಲ್ಲ ಉರಿದುಹೋಯಿತು. ಕೆಲಸ ಮಾಡಿಕೊಟ್ಟ ಮೇಲೆ ಜಂಬ ಬಂತು ಎಂದುಕೊಂಡೆ. ಬಾರದಿದ್ದರೆ ಬೇಡ, ಇವರಿಲ್ಲದೆ ಪದ್ಯ ನಿಲ್ಲುತ್ತದೆಯೇ ಎಂದು ಮಾತು ಬಿಟ್ಟೆ.

ಒಂದು ಮಳೆಗಾಲ ಕಳೆದು ಇನ್ನೊಂದು ಬರುವವರೆಗೆ ಮಾತಿಲ್ಲ. ಒಂದು ಬೆಳಿಗ್ಗೆ ತ್ರಾಸಿ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ಅವರೇ ಹತ್ತಿರ ಬಂದು, ಟೀಚರೇ ಆರಾಮಾ ಎಂದು ಕೇಳಿದರು. ನಾನು ಆರಾಮೇ ಎಂದೆ, ಆದರೆ ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಅಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೋದರು. ನಾನು ಉತ್ತರ ಕೊಟ್ಟೆ ಎಂದು ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ... ತುಟಿ ಕಂಡರಲ್ಲವೇ ಗೊತ್ತಾಗುವುದು.

ಆ ಆಷಾಢದಲ್ಲಿ ಎರಡು ದಿನದ ಜ್ವರ, ಮೂರನೇ ದಿನ ಹೋಗಿಯೇಬಿಟ್ಟರು.

ಹದಿಮೂರು ಕಳೆದ ಮೇಲೆ ಅವರ ಹೆಂಡತಿಯನ್ನು ನೋಡಲು ಹೋದೆ. ದುಃಖದ ಮನೆಯಲ್ಲೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಸಣ್ಣಕ್ಕಾದರೂ ಕೇಳುತ್ತಿತ್ತು, ಬಂದು ಕೂತಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದುಬಿಟ್ಟೆ. ಆಕೆ ನನ್ನನ್ನೇ ನೋಡಿದರು.

"ಎಂತ ಸಣ್ಣಕ್ಕೆ ಟೀಚರೇ? ಕೆಮಿ ಪೂರ್ತಿ ಹೋಯಿ ಹನ್ನೆರ್ಡ್ ವರ್ಷ ಆಯಿತ್ತ್. ನಿಮ್ಮನಿ ಹಲ್ಗಿ ಮೇಲ್ ಕೈ ಇಟ್ರೆ ಮದ್ಲಿ ಸಿಕ್ಕತ್ತ್ ಅಂದ್ಹೇಳಿ ಬಪ್ದ್ ಅವ್ರ್. ರಬ್ಬರ್ ಇಟ್ಟ್ ಮೇಲೆ ಎಂತದೂ ಸಿಕ್ಕುದಿಲ್ಲೆ ಅಂದ್ರ್."

ಕಿವಿ ಪೂರ್ತಿ ಹೋಗಿ ಹನ್ನೆರಡು ವರ್ಷ, ಅವರು ಬರುತ್ತಿದ್ದದ್ದು ಹಲಗೆಯಲ್ಲಿ ಕೈಗೆ ಸಿಗುವ ಮದ್ದಳೆಗೆ. ಹಾಗಾದರೆ ಮಾಡಿಕೊಟ್ಟದ್ದು ಯಾಕೆ ಎಂದು ಹೇಗೋ ಕೇಳಿದೆ. ತಾನೂ ಅದನ್ನೇ ಕೇಳಿದ್ದೆ ಎಂದರು ಆಕೆ. ಟೀಚರ್ ಬಾಯಿಬಿಟ್ಟು ಕೇಳಿದ್ದಾರೆ, ಅವರಿಗಾದರೂ ಚೆನ್ನಾಗಿ ಕೇಳಲಿ ಅಂದರಂತೆ. ಟೀಚರಿಗೆ ಹೇಳಬೇಡ ಎಂದೂ ಅಂದಿದ್ದರಂತೆ.

ಈಗ ಹೇಳಿ, ಸಿಟ್ಟು ಬಾರದೆ ಇರುತ್ತದೆಯೇ? ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಲೋಟ ಗಿಲಕಿ ಆಡಿಸಿಕೊಂಡು ಸಾಯಲಿ ಎಂದು ಬಿಟ್ಟುಬಿಡುತ್ತಿದ್ದೆ. ಹೇಳಲಿಲ್ಲ. ಹದಿನೈದು ದಿನ ಕೂತು, ತನಗೆ ಉಳಿದಿದ್ದ ಒಂದೇ ಒಂದು ದಾರಿಯನ್ನು ತನ್ನ ಕೈಯಾರೆ ಮುಚ್ಚಿದರು. ಅದು ಸರಿಯಾಗಿ ಮುಚ್ಚಿದೆಯೋ ಇಲ್ಲವೋ ಎಂದು ತನ್ನ ಕಾಲಿನಿಂದಲೇ ಪರೀಕ್ಷೆ ಮಾಡಿದರು. ಕೇಳಿದ್ದು ಯಾರು? ನಾನು. ಮುಖ ತಿರುಗಿಸಿದ್ದು ಯಾರು? ಅದೂ ನಾನೇ. ಅವರ ಮೇಲಿನ ಸಿಟ್ಟು ಮುಗಿಯುವ ಹೊತ್ತಿಗೆ ನನ್ನ ಮೇಲಿನದು ಶುರುವಾಗುತ್ತದೆ, ಅದು ಮುಗಿಯುವ ಹೊತ್ತಿಗೆ ಮತ್ತೆ ಅವರ ಮೇಲೆ.

ಅವತ್ತು ಮನೆಗೆ ಬಂದವಳೇ ರಬ್ಬರುಗಳನ್ನೆಲ್ಲ ಕಿತ್ತು ಬಾವಿಗೆ ಎಸೆಯಬೇಕೆಂದು ಉಪ್ಪರಿಗೆ ಹತ್ತಿದೆ. ಸ್ಪೀಕರನ್ನು ಒಂದು ಬದಿಗೆ ವಾಲಿಸಿಯೂ ಆಗಿತ್ತು. ಆಮೇಲೆ ಕೈ ಬರಲಿಲ್ಲ. ಅದು ಆ ಮನುಷ್ಯ ನನಗೋಸ್ಕರ ಕೊನೆಯದಾಗಿ ಮಾಡಿದ ಕೆಲಸ. ಕಿತ್ತರೆ ಯಾರಿಗೆ ಲಾಭ? ಬಂದು ಕೂರುವವರು ಯಾರಿದ್ದಾರೆ?

ಈಗಲೂ ಸಂಜೆ ನಾಲ್ಕಕ್ಕೆ ಪದ್ಯ ಹಾಕುತ್ತೇನೆ. ಹಾಕಿ, ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಹಲಗೆಗೆ ಅಂಗೈ ಒತ್ತಿ ನೋಡುತ್ತೇನೆ. ಗೋಡೆಯ ಬದಿ ನೋಡುತ್ತೇನೆ, ಬಾಗಿಲ ಹತ್ತಿರ ನೋಡುತ್ತೇನೆ. ಒಂದು ಪೆಟ್ಟು, ಒಂದೇ ಒಂದು ಪೆಟ್ಟಾದರೂ ಕೈಗೆ ಸಿಗಬಾರದೇ ಎಂದು. ಸಿಗುವುದಿಲ್ಲ. ಅಷ್ಟು ಚೆನ್ನಾಗಿ ಮಾಡಿಟ್ಟು ಹೋಗಿದ್ದಾರೆ, ಪುಣ್ಯಾತ್ಮ.