ನೀಲಿ ದ್ರಾವಣದ ಪಾಠ

ಸಪ್ತಾಪುರದ ನನ್ನ ಮನೆಯಿಂದ ಕೆಲಗೇರಿ ಕಡೆಯ ಹೈಸ್ಕೂಲಿಗೆ ಹೋಗುವಾಗ ಸ್ಕೂಟಿಯ ಡಿಕ್ಕಿಯಲ್ಲಿ ಹಾಲು, ಬಾಳೆಹಣ್ಣು, ಹಿಂದಿನ ದಿನದ ರೊಟ್ಟಿ ಏನಾದರೂ ಇದ್ದೇ ಇರುತ್ತದೆ. ಕಾರ್ಬೋಹೈಡ್ರೇಟ್ ಎಂದು ಹಲಗೆಯ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಾರೆ. ರೊಟ್ಟಿ ತೋರಿಸಿದರೆ ತಲೆಯೆತ್ತುತ್ತಾರೆ.

ಅಂದು ಒಂಬತ್ತನೆಯ ತರಗತಿಗೆ ಸಕ್ಕರೆ ಅಂಶ ಪತ್ತೆಹಚ್ಚುವ ಪ್ರಯೋಗವಿತ್ತು. ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣ ಹಾಕಿ ಕಾಸಿದರೆ, ಗ್ಲೂಕೋಸ್‌ನಂಥ ಸಕ್ಕರೆ ಇರುವಲ್ಲಿ ಅದು ಕೆಂಪಾಗುತ್ತಾ ಹೋಗುತ್ತದೆ. ರೊಟ್ಟಿಯ ಚೂರು ಹಾಕಿದ ನಳಿಕೆ ನೀಲಿಯಾಗಿಯೇ ಉಳಿಯಿತು. ಹುಡುಗನೊಬ್ಬ ನುಣ್ಣಗೆ ಅಗಿದು ಕೊಟ್ಟ ರೊಟ್ಟಿ ಮಾತ್ರ ಬಣ್ಣ ಬದಲಿಸಿತು. ಜೊಲ್ಲು ಹಿಟ್ಟನ್ನು ಸಕ್ಕರೆ ಮಾಡಿತ್ತು. ಗದ್ದಲವೋ ಗದ್ದಲ. ಅದೇ ಹುಮ್ಮಸ್ಸಿನಲ್ಲಿ, ಹಿಂದೆ ದವಾಖಾನೆಗಳಲ್ಲಿ ಮೂತ್ರದ ಸಕ್ಕರೆಯನ್ನೂ ಹೀಗೆಯೇ ನೋಡುತ್ತಿದ್ದರು ಎಂದೆ. ತರಗತಿ ಮುಖ ಮುಚ್ಚಿಕೊಂಡು ನಕ್ಕಿತು. ಮುಂದಿನ ಬೆಂಚಿನ ಒಬ್ಬಳು ನಗಲಿಲ್ಲ.

ಗಂಟೆ ಬಾರಿಸಿದ ಮೇಲೆ ಅವಳು ನನ್ನ ಮೇಜಿನ ಬಳಿ ಬಂದಳು.

"ಟೀಚರ್, ಸಕ್ಕರಿ ಹೋಗಾಕತ್ತಿದ್ರ ಇರಿವಿ ಮುತ್ತತಾವೇನ್ರಿ?"

"ಯಾಕವ್ವಾ?"

"ನಮ್ಮ ಬಚ್ಚಲದಾಗ ಮುತ್ತತಾವ್ರಿ. ನಾ ಹೋಗಿ ಬಂದ ಮ್ಯಾಲೆ."

ಆಗ ಅವಳನ್ನು ಸರಿಯಾಗಿ ನೋಡಿದೆ. ಸಮವಸ್ತ್ರ ಮೈಮೇಲೆ ಜೋತಾಡುತ್ತಿತ್ತು. ಮೇಲಿಂದ ಮೇಲೆ ನೀರು ಕುಡಿಯಲು ಹೊರಗೆ ಹೋಗುತ್ತಾಳೆಂದು ಗಣಿತದ ಸರ್ ಬೈಯುತ್ತಿದ್ದುದೂ ನೆನಪಾಯಿತು. ಅವಳ ತಾಯಿಗೆ ಫೋನು ಮಾಡಿ ಕರೆಸಿದೆ.

ತಾಯಿ ಖಾನಾವಳಿಗೆ ರೊಟ್ಟಿ ಬಡಿಯುವವರು. ಕೆಲಸ ಬಿಟ್ಟು ಬಂದಿದ್ದರು, ಮೊಣಕೈಗೆ ಹಿಟ್ಟು ಹಾಗೇ ಇತ್ತು. ಇವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು ಎಂದೆ.

"ಸಕ್ಕರಿ ಬ್ಯಾನಿ ವಯಸ್ಸಾದವರಿಗೆ ಬರೋದ್ರಿ ಅಕ್ಕೋರ. ಬೆಳಿಯೋ ಹುಡುಗಿ, ಸೊರಗ್ಯಾಳ ಅಷ್ಟ. ಅಮಾಸಿ ಕಳೀಲಿ, ತೋರಸ್ತೇನಿ."

"ಸಣ್ಣ ಮಕ್ಕಳಿಗೂ ಬರತೈತ್ರಿ. ತಡಾ ಮಾಡಬ್ಯಾಡ್ರಿ."

"ಹೆಣ್ಣ ಹುಡುಗಿ ಐತ್ರಿ. ಯಾರ ಮುಂದೂ ಈ ಮಾತ ಆಡಬ್ಯಾಡ್ರಿ."

ಅಮಾವಾಸ್ಯೆಗೆ ಮೊದಲೇ ಹುಡುಗಿ ತರಗತಿಯಲ್ಲಿ ವಾಂತಿ ಮಾಡಿಕೊಂಡಳು. ನಾನು ಓಡಿಹೋದಾಗ ಬೆಂಚಿಗೆ ಒರಗಿ, ಓಡಿ ಬಂದವರಂತೆ ಆಳವಾಗಿ ಉಸಿರೆಳೆಯುತ್ತಿದ್ದಳು. ಮುಖದ ಹತ್ತಿರ ಬಾಗಿದಾಗ ಕೊಳೆಯಹತ್ತಿದ ಹಣ್ಣಿನಂಥ ಸಿಹಿ ವಾಸನೆ. ಇನ್ಸುಲಿನ್ ಇಲ್ಲದಾಗ ಜೀವಕೋಶಗಳಿಗೆ ಗ್ಲೂಕೋಸ್ ಸಿಗುವುದಿಲ್ಲ, ದೇಹ ಕೊಬ್ಬನ್ನೇ ಸುಡುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಉಸಿರಿನಲ್ಲಿ ಅಸಿಟೋನ್ ಬರುತ್ತದೆ. ಎಷ್ಟೋ ವರ್ಷ ಬಾಯಿಪಾಠದಂತೆ ಹೇಳುತ್ತಾ ಬಂದಿದ್ದ ವಾಕ್ಯಗಳು. ಅವು ಈಗ ಒಂದು ಮಗುವಿನ ಬಾಯಿಂದ ವಾಸನೆಯಾಗಿ ಬಂದಿದ್ದವು. ತಾಯಿಗೆ ಫೋನು ಮಾಡಿ ಆಟೋ ಕರೆಸಿದೆ.

ಆಟೋದಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು. ಮಾತಾಡಿಸಿದರೆ ಬರೀ ಹೂಂ ಎನ್ನುತ್ತಿದ್ದಳು. ಆಮೇಲೆ ಅದೂ ನಿಂತಿತು. ಉಸಿರು ಮಾತ್ರ ನಡೆದೇ ಇತ್ತು, ಜೋರಾಗಿ.

ದವಾಖಾನೆಯಲ್ಲಿ ಸಲೈನ್ ಹಚ್ಚಿ ಇನ್ಸುಲಿನ್ ಕೊಟ್ಟರು. ಅವಳು ಕಣ್ಣು ಬಿಟ್ಟದ್ದು ಮರುದಿನ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ತಾಯಿಗೆ ಹೇಳಿದರು. ತಾಯಿ ಕೇಳಿದ್ದು ಒಂದೇ ಪ್ರಶ್ನೆ.

"ಈ ಸೂಜಿ ಎಲ್ಲೀತನಕ ಚುಚ್ಚಬೇಕ್ರಿ?"

"ಜೀವ ಇರೋತನಕ."

ವಾರ್ಡಿನ ಹೊರಗಿನ ಬೆಂಚಿನ ಮೇಲೆ ತಾಯಿಯ ಪಕ್ಕ ಕುಳಿತೆ. ಅವರು ನನ್ನ ಕಡೆ ನೋಡದೆಯೇ ಹೇಳಿದರು:

"ನೀವು ಆ ಪಾಠ ಹೇಳಬಾರದಿತ್ರಿ ಅಕ್ಕೋರ."

ಪಾಠದಿಂದ ರೋಗ ಬರುವುದಿಲ್ಲ, ಪಾಠದಿಂದ ಗೊತ್ತಾಯಿತು ಅಷ್ಟೇ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅವರಿಗೆ ಅದು ಗೊತ್ತಿರಲಿಲ್ಲವೆಂದಲ್ಲ.

ಹುಡುಗಿ ಈಗ ಹತ್ತನೆಯ ತರಗತಿ. ಮಧ್ಯಾಹ್ನ ಊಟಕ್ಕೆ ಮೊದಲು ಪ್ರಯೋಗಾಲಯದ ಒಳಕೋಣೆಗೆ ಬರುತ್ತಾಳೆ. ನಾನು ಹೊರಗೆ ನಿಂತು ಬಾಗಿಲು ಕಾಯುತ್ತೇನೆ. ಅವಳು ಅಂಗಿ ಸರಿಸಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಾಳೆ. ಓಣಿಯವರಿಗೂ ನೆಂಟರಿಗೂ ಮಗಳಿಗೆ ಟೈಫಾಯ್ಡ್ ಆಗಿತ್ತೆಂದು ತಾಯಿ ಹೇಳಿದ್ದಾರೆ. ಗೆಳತಿಯರಿಗೂ ಹಾಗೇ ಹೇಳಬೇಕೆಂದು ಆಣೆ ಹಾಕಿಸಿದ್ದಾರೆ. ಮೈ ತುಂಬಿಕೊಂಡಿದೆ, ಆದರೆ ತರಗತಿಯಲ್ಲಿ ಕೈ ಎತ್ತುವುದನ್ನು ಬಿಟ್ಟಿದ್ದಾಳೆ. ಒಮ್ಮೆ ಆಟದ ಪೀರಿಯಡ್ಡಿನಲ್ಲಿ ರಕ್ತದ ಸಕ್ಕರೆ ತೀರಾ ಇಳಿದು ನಡುಗುತ್ತಾ ಕುಸಿದಾಗ, ಪಕ್ಕದಲ್ಲಿದ್ದವರಿಗೆ ಏನು ಕೊಡಬೇಕೆಂದೇ ತಿಳಿದಿರಲಿಲ್ಲ. ಅಂದು ನಾನು ಮೈದಾನದ ಬದಿಯಲ್ಲೇ ಇದ್ದೆ, ಸಕ್ಕರೆ ನೀರು ಕುಡಿಸಿದೆ. ದಿನವೂ ಇರುವುದಿಲ್ಲ.

ತಾಯಿಗೆ ಮತ್ತೆ ಫೋನು ಮಾಡಿ, ಕನಿಷ್ಠ ಒಬ್ಬ ಗೆಳತಿಗಾದರೂ ಖರೇ ಹೇಳಲಿ ಎಂದು ಬೇಡಿಕೊಂಡೆ. "ನೋಡೋಣ್ರಿ" ಎಂದರು.

ಮೊನ್ನೆ ಒಳಕೋಣೆಯಿಂದ ಹೊರಬಂದವಳು ಬಾಗಿಲಲ್ಲೇ ನಿಂತು ಕೇಳಿದಳು: "ಟೀಚರ್, ಎಲ್ಲಾರಿಗೂ ಖರೇ ಹೇಳಿಬಿಟ್ರ ಏನಾಕ್ಕೈತ್ರಿ?"

ನನಗೂ ಗೊತ್ತಿಲ್ಲ ಎಂದೆ. ಊಟದ ಡಬ್ಬಿ ಹಿಡಿದುಕೊಂಡು ಅವಳು ಗೆಳತಿಯರ ಕಡೆ ನಡೆದಳು.