ಲಕ್ಷ ಮೈಲಿಗೆ ಒಂದೇ ಸೀಟು

ಆ ಮೂರಂತಸ್ತಿನ ಕಟ್ಟಡದಲ್ಲಿ ಯಾರ ಮನೆಯ ಫ್ರಿಜ್ಜು ಕೆಟ್ಟರೂ ಸುದ್ದಿ ಮೊದಲು ಹೋಗುತ್ತಿದ್ದುದು ಕನ್ನಡಕದವರ ಮನೆಗೆ, ರಿಪೇರಿಯವನಿಗೆ ಆಮೇಲೆ. ಎಷ್ಟೋ ಸಲ ರಿಪೇರಿಯವನಿಗೆ ಹೋಗುತ್ತಲೇ ಇರಲಿಲ್ಲ. "ಹಳೇ ಫ್ರಿಜ್ಜಿಗೆ ಯಾಕೆ ದುಡ್ಡು ಸುರೀತೀರಿ, ಹೊಸದೇ ತಗೊಳ್ಳಿ. ನಾನೇ ಬರ್ತೀನಿ ಜೊತೆಗೆ" ಎಂದು ಕನ್ನಡಕದವರು ಭಾನುವಾರ ಬೆಳಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು ನಿಂತಿರುತ್ತಿದ್ದರು. ಅಂಗಡಿಯಲ್ಲಿ ಕೊಳ್ಳುವವರು ಆರಿಸುವುದು, ಕನ್ನಡಕದವರು ತಮ್ಮ ಕಾರ್ಡು ಉಜ್ಜುವುದು, ಕೊಂಡವರು ಹೊರಗೆ ಮೆಟ್ಟಿಲ ಮೇಲೆ ನಿಂತು ನೋಟು ಎಣಿಸಿ ಅವರ ಕೈಗಿಡುವುದು. ಇದು ಪದ್ಧತಿ. ಫ್ರಿಜ್ಜು ಅವರ ಮನೆಗೆ, ನೋಟು ಬ್ಯಾಂಕಿಗೆ, ಮೈಲಿ ಕನ್ನಡಕದವರಿಗೆ.

ಕನ್ನಡಕದವರು ಎಂದರೆ ಕನ್ನಡಕದ ಅಂಗಡಿಯ ಮಾಲೀಕರಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದು ಟ್ಯೂಬ್‌ಲೈಟು, ಒಂದು ಸ್ಟೂಲು, ಸದಾ ನೀರು ತೊಟ್ಟಿಕ್ಕುವ ಒಂದು ಚಕ್ರ, ಇಷ್ಟರ ನಡುವೆ ಇಪ್ಪತ್ತಾರು ವರ್ಷಗಳಿಂದ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುತ್ತ ಕೂತಿರುವವರು. ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಹೊಸ ಫೋನು ಅವರ ಹೆಬ್ಬೆಟ್ಟನ್ನು ಗುರುತಿಸಲು ಒಪ್ಪುತ್ತಿರಲಿಲ್ಲ. ವಯಸ್ಸು ಐವತ್ತಮೂರು. ವಿಮಾನದೊಳಗೆ ಕಾಲಿಟ್ಟವರಲ್ಲ.

ಈ ಮೈಲಿಯ ಹುಚ್ಚು ಅಂಟಿಸಿದವನು ಏಳು ವರ್ಷದ ಹಿಂದೆ ಕನ್ನಡಕದ ಕಾಲು ಮುರಿದುಕೊಂಡು ಬಂದಿದ್ದ ಬ್ಯಾಂಕಿನವನು. ತಿರುಪು ಬಿಗಿಯುವಷ್ಟು ಹೊತ್ತಿನಲ್ಲಿ ಅವನು ಕಾರ್ಡಿನ ಮಹಿಮೆ ಹೇಳಿ ಮುಗಿಸಿದ್ದ: ಖರ್ಚು ಮಾಡಿದಷ್ಟೂ ಮೈಲಿ ಸೇರುತ್ತದೆ, ಮೈಲಿ ಸಾಕಷ್ಟು ಸೇರಿದರೆ ವಿಮಾನದ ಸೀಟು ಪುಕ್ಕಟೆ. ಖರ್ಚು ಮಾಡಲು ತಮ್ಮ ಹತ್ತಿರ ಏನೂ ಇಲ್ಲವಲ್ಲ ಎಂದು ಕನ್ನಡಕದವರಿಗೆ ಹೊಳೆದದ್ದು ಅವನು ಹೋದ ಮೇಲೆ. ಖರ್ಚು ತಮ್ಮದೇ ಆಗಬೇಕೆಂದೇನೂ ಇಲ್ಲವಲ್ಲ ಎಂದು ಹೊಳೆದದ್ದು ಸಂಜೆ ಬಸ್ಸಿನಲ್ಲಿ. ಅವತ್ತು ಹೊಳೆಯದೇ ಇದ್ದಿದ್ದರೆ ಅವರ ಹಿಮ್ಮಡಿ ಇವತ್ತು ಇಷ್ಟು ನೋಯುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು. ಅಂಗಡಿಗೆ ಬರುವ ಫ್ರೇಮುಗಳ ಬಿಲ್ಲು ಅವರ ಕಾರ್ಡಿಗೆ. ಟ್ಯಾಕ್ಸಿ ಓಡಿಸುವ ಭಾವಮೈದುನನ ನಾಲ್ಕು ಟಯರು ಅವರ ಕಾರ್ಡಿಗೆ. ಮೇಲಿನ ಮನೆಯ ಟೈಲರಮ್ಮನ ಎರಡು ಹೊಲಿಗೆ ಯಂತ್ರ, ಅವಳ ಮಗಳ ಕಾಲೇಜು ಫೀಸು, ಎದುರು ಮನೆಯವರ ಹಲ್ಲಿನ ಸೆಟ್ಟು. ಹಲ್ಲಿನ ಡಾಕ್ಟರ ಕುರ್ಚಿಯ ಪಕ್ಕ ಕಾರ್ಡು ಹಿಡಿದು ನಿಂತಿದ್ದ ಕನ್ನಡಕದವರನ್ನು ನೋಡಿ ನರ್ಸು, "ನೀವು ಮಗನಾ?" ಎಂದು ಕೇಳಿದ್ದಳು. ಎದುರು ಮನೆಯವರು ಇವರಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು, ಅಷ್ಟೆ.

"ಮೈಲಿ ಮೈಲಿ ಅಂತ ನೀವು ಕಾಲಲ್ಲಿ ನಡೆದಿರೋದೇ ಇಷ್ಟೊತ್ತಿಗೆ ಅಕ್ಕನ ಊರು ಮುಟ್ತಿತ್ತು" ಎಂದು ಹೆಂಡತಿ ಬಿಸಿನೀರಿನ ಬೋಗುಣಿ ತಂದು ಅವರ ಕಾಲ ಬುಡದಲ್ಲಿ ಇಡುತ್ತಿದ್ದಳು.

ಇದೆಲ್ಲ ಇದ್ದದ್ದು ಆ ಅಕ್ಕನ ಊರಿಗೆ ಹೋಗಲೆಂದೇ. ಹೆಂಡತಿಯ ಅಕ್ಕ ಮದುವೆಯಾಗಿ ಸಮುದ್ರದಾಚೆ ಹೋಗಿ ಹದಿನಾರು ವರ್ಷ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಗೆ ತಲೆ ಬಾಚಿದ್ದು, ಜಡೆ ಹಾಕಿದ್ದು, ಪೆಟ್ಟು ಕೊಟ್ಟದ್ದು ಎಲ್ಲ ಅವಳೇ. ಅವಳ ಕಣ್ಣು ಮೊದಲಿನಿಂದಲೂ ಮಂದ. ವರ್ಷಕ್ಕೊಮ್ಮೆ ಅಲ್ಲಿನ ಡಾಕ್ಟರು ಬರೆದ ನಂಬರಿನ ಚೀಟಿಯ ಫೋಟೋ ಕನ್ನಡಕದವರ ಫೋನಿಗೆ ಬರುತ್ತಿತ್ತು. "ಅಲ್ಲಿ ಕನ್ನಡಕದ ಅಂಗಡಿ ಇಲ್ವೇನಮ್ಮ?" ಎಂದು ಟೈಲರಮ್ಮ ಕೇಳಿದ್ದುಂಟು. ಇದ್ದವು. ಆದರೆ ಅಕ್ಕನಿಗೆ ಅಲ್ಲಿನ ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಅವಳ ಮೂಗಿನ ಅಳತೆ ಕನ್ನಡಕದವರಿಗೆ ಬಾಯಿಪಾಠ. ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕುವುದು ಅವರ ವರ್ಷದ ಕೆಲಸ. ಮನೆ ಪಕ್ಕದ ಅಂಚೆ ಕಚೇರಿಯಲ್ಲಿ ಕಾರ್ಡು ತೆಗೆದುಕೊಳ್ಳದ ಕಾರಣ ಮೂರು ಬಸ್‌ಸ್ಟಾಪು ಆಚೆಯ ದೊಡ್ಡ ಕಚೇರಿಗೆ ಹೋಗುತ್ತಿದ್ದರು. ಅದಕ್ಕೆ ಹದಿನಾಲ್ಕು ಮೈಲಿ ಸಿಗುತ್ತಿತ್ತು.

ಹೋಗುವುದಾದರೆ ಹೇಗೆ ಹೋಗಬೇಕೆಂಬುದನ್ನೂ ಅವರು ತೀರ್ಮಾನಿಸಿಬಿಟ್ಟಿದ್ದರು. ವಿಮಾನದ ಮುಂಭಾಗದಲ್ಲಿ ಸೀಟೇ ಹಾಸಿಗೆಯಾಗುತ್ತದಂತೆ. ಹೆಂಡತಿಯ ಮಂಡಿ ಹದಿನಾಲ್ಕು ಗಂಟೆ ಮಡಿಸಿ ಕೂರುವಂಥದ್ದಲ್ಲ. ಆದ್ದರಿಂದ ಮುಂದಿನ ಎರಡು ಸೀಟು, ಅಕ್ಕಪಕ್ಕ, ಒಂದು ಕಿಟಕಿಗೆ. ಒಂದು ಲಕ್ಷದ ಇಪ್ಪತ್ತು ಸಾವಿರ ಮೈಲಿ ಬೇಕಿತ್ತು. ನಾಲ್ಕನೆಯ ವರ್ಷದ ಕೊನೆಗೆ ಒಂದು ಲಕ್ಷದ ಹದಿನೆಂಟು ಸಾವಿರದ ಆರುನೂರು ಸೇರಿತ್ತು. ಇನ್ನೊಂದು ವಾಷಿಂಗ್ ಮೆಷಿನ್ನು, ಅಷ್ಟೇ. ಕಟ್ಟಡದಲ್ಲಿ ಯಾರದು ಸದ್ದು ಮಾಡುತ್ತದೆ ಎಂದು ಅವರು ಮೆಟ್ಟಿಲು ಹತ್ತುವಾಗ ಕಿವಿಗೊಟ್ಟು ಕೇಳುತ್ತಿದ್ದರು.

ಅಷ್ಟರಲ್ಲಿ ಒಂದು ಮಂಗಳವಾರ ವಿಮಾನದವರಿಂದ ಕಾಗದ ಬಂತು. ಗ್ರಾಹಕರಿಗೆ ಸಂತೋಷದ ಸುದ್ದಿ, ನಿಮ್ಮ ಅನುಕೂಲಕ್ಕಾಗಿ ನಾವು ಬದಲಾಗಿದ್ದೇವೆ, ಎಂದು ಮೊದಲ ಸಾಲು. ಮುಂದಿನ ಎರಡು ಸೀಟಿಗೆ ಇನ್ನು ಒಂದು ಲಕ್ಷದ ಎಂಬತ್ತು ಸಾವಿರ ಎಂದು ಆರನೆಯ ಸಾಲು. ಕನ್ನಡಕದವರು ಮೊದಲ ಸಾಲಿನಿಂದ ಆರನೆಯದಕ್ಕೆ, ಆರನೆಯದರಿಂದ ಮೊದಲಿನದಕ್ಕೆ ಮೂರು ಸಲ ಓಡಾಡಿದರು. ಸಂತೋಷ ಯಾರಿಗೆ ಎಂದು ಗೊತ್ತಾಗಲಿಲ್ಲ.

"ನಂಗೆ ಹಿಂದಿನ ಸೀಟು ಒಂದಾದ್ರೂ ಸಾಕು ರೀ" ಎಂದಿದ್ದಳು ಹೆಂಡತಿ.

"ನಾಲ್ಕು ವರ್ಷ ಕಾದು ಹಿಂದಿನ ಸೀಟಾ? ನಿನ್ನ ಮಂಡಿ ಏನಾಗ್ಬೇಕು?"

"ಮಂಡಿ ನಂದು ತಾನೇ?"

"ಸುಮ್ನಿರು ಇವಳೇ, ನಿಂಗೆ ಗೊತ್ತಾಗಲ್ಲ. ಇನ್ನೆಷ್ಟು, ಒಂದು ವರ್ಷ ಎಳೆದ್ರೆ ಆಯ್ತು."

ಒಂದು ವರ್ಷ ಎಳೆದದ್ದು ಮೂರು ವರ್ಷವಾಯಿತು. ಕಟ್ಟಡದಲ್ಲಿ ಎಲ್ಲರ ಮನೆಯಲ್ಲೂ ಎಲ್ಲವೂ ಹೊಸದೇ ಆಗಿಹೋಗಿದ್ದರಿಂದ ಏನೂ ಕೆಡುತ್ತಿರಲಿಲ್ಲ.

ಈ ಸಲದ ಚೀಟಿಯ ಫೋಟೋ ಬಂದದ್ದು ಒಂದು ಗುರುವಾರ, ಅಂಗಡಿಯಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. ಮೊದಲ ವರ್ಷ ಮೈನಸ್ ಒಂಬತ್ತು ಇತ್ತು. ಆಮೇಲೆ ಹತ್ತೂವರೆ, ಹನ್ನೆರಡು, ಹೋದ ವರ್ಷ ಹದಿನಾಲ್ಕು. ಪ್ರತಿ ಸಲವೂ ಗಾಜಿನ ಅಂಚು ದಪ್ಪವಾಗುತ್ತ ಬಂದದ್ದನ್ನು ಕನ್ನಡಕದವರು ಬೆರಳಲ್ಲೇ ಬಲ್ಲರು. ಈ ಸಲ ನಂಬರಿನ ಜಾಗದಲ್ಲಿ ಹೋದ ವರ್ಷದ್ದೇ ನಂಬರು. ಅದರ ಕೆಳಗೆ ಡಾಕ್ಟರ ಕೈಬರಹದಲ್ಲಿ ಒಂದು ಸಾಲು: ಗಾಜು ಬದಲಿಸಿ ಪ್ರಯೋಜನವಿಲ್ಲ.

ಬೇರೆ ಯಾರಾದರೂ ಆಗಿದ್ದರೆ, ನಂಬರು ಏರಿಲ್ಲವಲ್ಲ, ಒಳ್ಳೆಯದಾಯಿತು ಎಂದುಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷ ಚೀಟಿ ಓದಿದವರಿಗೆ ಹಾಗಂದುಕೊಳ್ಳುವ ಭಾಗ್ಯವಿಲ್ಲ. ಕಣ್ಣಿನ ಹಿಂದಿನ ಪರದೆಯೇ ಸವೆದುಹೋಗುತ್ತಿದೆ. ಇನ್ನು ಎಂಥ ಗಾಜು ಉಜ್ಜಿದರೂ ಅಷ್ಟೆ. ಫೋಟೋದ ಜೊತೆ ಅಕ್ಕ ಹೇಳಿ ಬರೆಸಿದ ಎರಡು ಮಾತಿತ್ತು. "ಈ ಸಲ ಕನ್ನಡಕ ಕಳಿಸಬೇಡಿ. ಅವಳನ್ನ ಕಳಿಸಿ. ಮುಖ ಒಂದು ಇನ್ನೂ ಸ್ವಲ್ಪ ಕಾಣತ್ತೆ."

ಕನ್ನಡಕದವರು ಡಬ್ಬಿ ಮುಚ್ಚಿದರು. ಏಳು ವರ್ಷ ಎರಡು ಲೆಕ್ಕ ಏರುತ್ತಿದ್ದವು, ಅವರು ನೋಡುತ್ತಿದ್ದುದು ಒಂದನ್ನು ಮಾತ್ರ.

"ಯಾಕಪ್ಪಾ, ಊಟ ಸೇರ್ಲಿಲ್ವಾ?" ಅಂಗಡಿಯ ಯಜಮಾನರು ಬಾಗಿಲಲ್ಲಿ ಇಣುಕಿದರು.

"ಸ್ವಲ್ಪ ಸೀಟು ನೋಡ್ಬೇಕಿತ್ತು ಸಾರ್."

"ಇನ್ನೂ ನೋಡ್ತಾನೇ ಇದ್ದೀಯಾ! ನಮ್ಮ ಮೊಮ್ಮಗಳು ವಿಮಾನ ಓಡಿಸೋದು ಕಲಿತು ಬಂದು ನಿಮ್ಮಿಬ್ಬರನ್ನ ಕರ್ಕೊಂಡು ಹೋಗ್ತಾಳೆ ತಡಿ" ಎಂದು ನಕ್ಕ ಯಜಮಾನರು ಇವರ ಮುಖ ನೋಡಿ ನಗು ನಿಲ್ಲಿಸಿದರು.

ಹೆಬ್ಬೆಟ್ಟು ಒಪ್ಪದ ಫೋನಿಗೆ ಗುಟ್ಟಿನ ಅಂಕಿ ಒತ್ತಿ ಕನ್ನಡಕದವರು ಹುಡುಕತೊಡಗಿದರು. ಅವರ ಖಾತೆಯಲ್ಲಿದ್ದದ್ದು ಒಂದು ಲಕ್ಷದ ನಲವತ್ತೊಂದು ಸಾವಿರ. ಹಿಂದಿನ ಸೀಟು ಹೋಗಿಬರಲು ಒಬ್ಬರಿಗೆ ಎಪ್ಪತ್ತು ಸಾವಿರ. ಇಬ್ಬರಿಗೂ ಸಾಕು! ಮೂರು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಸಾಕಾಗುತ್ತಿತ್ತೇನೋ, ಆಗ ನೋಡಿರಲಿಲ್ಲ. ಆದರೆ ಮೈಲಿಗೆ ಕೊಡುವ ಸೀಟುಗಳನ್ನು ವಿಮಾನದವರು ಬೊಗಸೆ ತುಂಬ ಇಟ್ಟಿರುವುದಿಲ್ಲ, ಚಿಟಿಕೆಯಷ್ಟು ಇಟ್ಟಿರುತ್ತಾರೆ. ಮುಂದಿನ ವಾರ ಇಲ್ಲ. ಅದರ ಮುಂದಿನದೂ ಇಲ್ಲ. ಮೂರನೆಯ ವಾರದ ಬುಧವಾರ ಒಂದು ಇತ್ತು. ಒಂದೇ ಒಂದು. ಎರಡು ಎಂದು ಒತ್ತಿದರೆ ಪರದೆ ಬೆಳ್ಳಗಾಗುತ್ತಿತ್ತು. ಎರಡು ಒಟ್ಟಿಗೆ ಸಿಗುವುದು ಐದು ತಿಂಗಳಾಚೆ.

ಐದು ತಿಂಗಳು ಎಂದರೆ ಎಷ್ಟು ಎಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟರು. ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಕೇಳಿಸಿಕೊಂಡಳು. ಒಂದು ದಿಂಬಿನ ಚೀಲವನ್ನು ನಾಲ್ಕು ಸಲ ಮಡಿಸಿದಳು.

"ಒಂದೇ ಸೀಟು ಇರೋದು" ಎಂದರು ಕನ್ನಡಕದವರು, ತಪ್ಪು ಒಪ್ಪಿಸುವವರಂತೆ. "ಅದೂ ಹಿಂದೆ. ನಡುವಿನ ಸೀಟು. ಕಿಟಕಿ ಇಲ್ಲ. ಇನ್ನೊಂದನ್ನ ದುಡ್ಡು ಕೊಟ್ಟು ತಗೊಳ್ಳೋಣ ಅಂದ್ರೆ ಈಗ ಅದರ ರೇಟು ಕೇಳಿದ್ರೆ..."

"ಬುಧವಾರ ಎಷ್ಟು ಹೊತ್ತಿಗೆ?"

"ಬೆಳಗ್ಗೆ ಹತ್ತಕ್ಕೆ. ಅಲ್ಲಾ, ನೀನೊಬ್ಬಳೇ ಹೇಗೆ..."

"ರೀ" ಎಂದಳು ಹೆಂಡತಿ. ದನಿ ಏರಿರಲಿಲ್ಲ. ಅದೇ ಕಷ್ಟವಾದದ್ದು. "ಏಳು ವರ್ಷದಿಂದ ಎರಡು ಸೀಟು, ಎರಡು ಸೀಟು ಅಂತಿದ್ದೋರು ನೀವು. ನಾನು ಕೇಳಿದ್ದು ಒಂದೇ."

ಕನ್ನಡಕದವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು. ಇಡೀ ಕಟ್ಟಡಕ್ಕೆ, ಅಂಗಡಿಗೆ, ಭಾವಮೈದುನನ ಟ್ಯಾಕ್ಸಿಯಲ್ಲಿ ಕೂತ ಗುರುತಿಲ್ಲದವರಿಗೂ ಅವರು ಹೇಳಿಕೊಂಡು ಬಂದದ್ದು ಹೆಂಡತಿಯ ಮಂಡಿಯ ಕಥೆ. ಆ ಹಾಸಿಗೆಯಾಗುವ ಸೀಟಿನಲ್ಲಿ ಕಾಲು ಚಾಚಿ ಮಲಗಬೇಕೆಂದಿದ್ದ ಮಂಡಿ ಯಾರದು ಎಂದು ಈಗ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಿತ್ತು.

"ಕೋಪಾನಾ?" ಎಂದರು.

"ಕೋಪ ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ರೀ. ಬುಕ್ ಮಾಡಿ ಮೊದಲು, ಅದೂ ಹೋದೀತು."

ಬುಕ್ ಮಾಡಿದರು. ಪುಕ್ಕಟೆ ಸೀಟಿಗೂ ತೆರಿಗೆ, ಸೇವಾಶುಲ್ಕ, ಇಂಧನದ ಇಷ್ಟು, ನಿಲ್ದಾಣದ ಇಷ್ಟು ಎಂದು ಬಾಲ ಬೆಳೆಯುತ್ತ ಹೋಯಿತು. ಎಲ್ಲ ಕಾರ್ಡಿನಲ್ಲೇ ಕಟ್ಟಿದರು. ಅದಕ್ಕೆ ಇನ್ನೂರ ಹನ್ನೆರಡು ಮೈಲಿ ಬಂತು.

ಹೊರಡುವ ದಿನ ಭಾವಮೈದುನ ಟ್ಯಾಕ್ಸಿ ತಂದ. "ಭಾವ, ನೀವು ಹಿಂದೆ ಕೂತ್ಕೊಳ್ಳಿ, ಅಕ್ಕ ಮುಂದೆ ಕೂರ್ಲಿ. ಮುಂದಿನ ಸೀಟು ಅಂತ ಒಂದಾದ್ರೂ ಸಿಗ್ಲಿ ಪಾಪ" ಎಂದ. ಹೆಂಡತಿ ನಕ್ಕಳು. ಎಷ್ಟು ದಿನದ ಮೇಲೋ ನಕ್ಕಳು. ಹಿಂದೆ ಕೂತ ಕನ್ನಡಕದವರೂ ನಗಲು ನೋಡಿದರು. ನಿಲ್ದಾಣದ ಗಾಜಿನ ಬಾಗಿಲಿನಾಚೆ ಹೋದವಳು ಒಮ್ಮೆ ತಿರುಗಿ, ಔಷಧಿ ಡಬ್ಬಿ ಫ್ರಿಜ್ಜಿನ ಮೇಲಿದೆ ಎಂದು ಕೈಸನ್ನೆ ಮಾಡಿದಳು. ಅವರಿಗೆ ಅದು ಅರ್ಥವಾದದ್ದು ಮನೆಗೆ ಬಂದು ಮಂಡಿನೋವಿನ ಮಾತ್ರೆ ಹುಡುಕುವಾಗ.

ಮರುದಿನ ಬೆಳಗ್ಗೆ ಅಂಗಡಿಗೆ ರಜೆ ಹೇಳಿ, ಫೋನು ಮುಂದಿಟ್ಟುಕೊಂಡು ಕಾದರು. ಬಾಗಿಲು ತಟ್ಟಿದ್ದು ಟೈಲರಮ್ಮ.

"ಶುಭ ಸುದ್ದಿ ಕನ್ನಡಕದೋರೇ! ನಮ್ಮ ಟೀವಿ ಹೊಗೆ ಬಿಡ್ತು. ದೊಡ್ಡದೇ ತಗೊಳ್ಳೋಣ ಅಂತಿದ್ದೀವಿ. ಅಂಗಿ ಹಾಕ್ಕೊಳ್ಳಿ, ಹೋಗೋಣ."

"ನೀವೇ ಹೋಗಿ ಟೈಲರಮ್ಮ. ನಗದು ಕೊಟ್ಟು ತಗೊಳ್ಳಿ."

ಟೈಲರಮ್ಮ ಒಂದು ಹೆಜ್ಜೆ ಒಳಗೆ ಬಂದು ಅವರ ಮುಖವನ್ನು ದಿಟ್ಟಿಸಿದಳು. "ಜ್ವರ ಗಿರ ಬಂದಿದೆಯಾ?"

"ಇಲ್ಲ. ಕಾಲು ನೋಯ್ತಿದೆ, ಅಷ್ಟೇ."

"ಕಾರ್ಡಾದ್ರೂ ಕೊಡಿ ಮತ್ತೆ, ನಿಮಗೇ ನಾಲ್ಕು ಮೈಲಿ ಬರಲಿ."

ಕೈ ತಾನಾಗಿಯೇ ಜೇಬಿಗೆ ಹೋಯಿತು. ಏಳು ವರ್ಷದ ಅಭ್ಯಾಸ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಟೈಲರಮ್ಮ ಅಲ್ಲೇ ಹೊಸ್ತಿಲಲ್ಲಿ ಕೂತುಬಿಟ್ಟಳು.

"ಮುಟ್ಟಿದೆ ರೀ" ಎಂದಳು ಹೆಂಡತಿ. "ಪಕ್ಕದೋನು ಹದಿನಾಲ್ಕು ಗಂಟೆ ಗೊರಕೆ ಹೊಡ್ದ. ನಿಮ್ಮ ನೆನಪೇ ಆಗ್ಲಿಲ್ಲ, ಮನೇಲಿದ್ದಂಗೇ ಇತ್ತು."

"ಮಂಡಿ?"

"ಇದೆ."

"ಅತ್ತಿಗೆ?"

ಆ ಕಡೆ ಪಾತ್ರೆಯೊಂದು ಎಲ್ಲೋ ಕೆಳಗಿಟ್ಟ ಸದ್ದು.

"ಗಲ್ಲ ಹಿಡ್ಕೊಂಡು ಈ ಕಡೆ ಆ ಕಡೆ ತಿರುಗಿಸಿ ನೋಡಿದ್ಲು. ಆಮೇಲೆ, ನಿನ್ನ ಮೂಗು ಮೊದಲಿಂದ್ಲೂ ಇಷ್ಟು ದಪ್ಪ ಇತ್ತೇನೇ ಅಂದ್ಲು."

ಹೊಸ್ತಿಲಲ್ಲಿ ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕನ್ನಡಕದವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಎಷ್ಟು ದೂರದಿಂದ ನೋಡಿದ್ರು?"

"ಏನು?"

"ಮುಖ ಎಷ್ಟು ದೂರ ಇತ್ತು ಅಂತ. ಮೊಳದಷ್ಟಾ, ಗೇಣಿನಷ್ಟಾ?"

"ಗೇಣು ಅನ್ಕೊಳ್ಳಿ."

"ಬೆಳಕು ಎಲ್ಲಿಂದ ಬರ್ತಿತ್ತು?"

"ಅಯ್ಯೋ, ನಂಗೇನ್ರೀ ಗೊತ್ತು, ಇಬ್ಬರೂ ಅಳ್ತಿದ್ವಿ."

"ಕೇಳು ಇಲ್ಲಿ" ಎಂದರು ಕನ್ನಡಕದವರು. ಜೇಬಿನಲ್ಲಿದ್ದ ಕೈಯನ್ನು ಹೊರತೆಗೆದು, ಅಂಗಡಿಗೆ ಬಂದವರಿಗೆ ತೋರಿಸುವಂತೆ ಗಾಳಿಯಲ್ಲಿ ಆಡಿಸುತ್ತ ಹೇಳಿದರು. "ಇಪ್ಪತ್ತು ದಿನ ಇದ್ದೀಯ. ದಿನಾ ಬೆಳಗ್ಗೆ ಎದ್ದ ತಕ್ಷಣ ನೀನು ಕಿಟಕಿಗೆ ಮುಖ ಮಾಡಿ ಕೂತ್ಕೊ, ಅವರು ಕಿಟಕಿಗೆ ಬೆನ್ನು ಮಾಡಿ ಕೂರ್ಲಿ. ಬೆಳಕು ನಿನ್ನ ಮುಖದ ಮೇಲೆ ಬೀಳ್ಬೇಕು, ಅವರ ಕಣ್ಣಿಗಲ್ಲ. ಅರ್ಥ ಆಯ್ತಾ? ಬೆಳಗ್ಗೆ ಕಣ್ಣು ದಣಿದಿರಲ್ಲ. ಗೇಣಿನಷ್ಟೇ ದೂರ. ಹೋದ ವರ್ಷದ ಕನ್ನಡಕವನ್ನ ಚೆನ್ನಾಗಿ ಒರೆಸಿ ಕೊಡು, ಅವರು ಸೆರಗಲ್ಲಿ ಒರೆಸ್ತಾರೆ, ಗೀರು ಬೀಳತ್ತೆ."

"ಆಯ್ತು."

"ದಿನಾ."

"ಆಯ್ತು ರೀ. ನೀವು ಕಾಲಿಗೆ ಬಿಸಿನೀರು ಇಟ್ಕೊಳ್ಳಿ."

ಫೋನು ಇಟ್ಟ ಮೇಲೆ ಟೈಲರಮ್ಮ ಎದ್ದು ನಿಂತಳು. ಟೀವಿಯ ಮಾತು ಎತ್ತಲಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಮೇಲೆ ನೀರಿಟ್ಟು, "ಬೋಗುಣಿ ಎಲ್ಲಿಟ್ಟಿರ್ತಾಳೆ?" ಎಂದು ಅಲ್ಲಿಂದಲೇ ಕೇಳಿದಳು. ಕನ್ನಡಕದವರಿಗೆ ಅದು ಗೊತ್ತಿರಲಿಲ್ಲ.