ಅವ್ವನ ಪಕ್ಕದ ಜಾಗ

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಹೊಳೆ ತಿರುಗುವ ಕಡೆ ಹೊರದಂಡೆಯನ್ನು ಕೊರೆಯುತ್ತದೆ, ಒಳದಂಡೆಗೆ ಮಣ್ಣು ತಂದು ಹಾಕುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತೇನೆ. ಮಕ್ಕಳು ಅದಕ್ಕೆ ಬಣ್ಣ ಹಚ್ಚಿ ತೋರಿಸುತ್ತಾರೆ, ನಾನು ರೈಟ್ ಹಾಕುತ್ತೇನೆ. ಬೋರ್ಡಿನ ಹೊಳೆಯ ದಂಡೆಯಲ್ಲಿ ಯಾರ ತಾಯಿಯೂ ಮಲಗಿರುವುದಿಲ್ಲ.

ನನ್ನ ತವರು ಕನಕಪುರದ ಕೆಳಗೆ, ಉಯ್ಯಂಬಳ್ಳಿ ಕಡೆ, ಅರ್ಕಾವತಿ ದಂಡೆಯಲ್ಲಿದೆ. ನಮ್ಮಲ್ಲಿ ಸತ್ತವರನ್ನು ಅವರವರ ಜಮೀನಿನಲ್ಲೇ ಮಣ್ಣು ಮಾಡುತ್ತಾರೆ. ಅವ್ವ ತೀರಿಕೊಂಡಾಗ ಅಪ್ಪ ಹೊಳೆ ಪಕ್ಕದ ಗದ್ದೆಯ ಅಂಚನ್ನೇ ಆರಿಸಿದ. ನಾಟಿ ಮಾಡಿ ಸುಸ್ತಾದಾಗ ಅವಳು ಕೂರುತ್ತಿದ್ದ ಜಾಗ ಅದು. ಸಮಾಧಿಯ ಪಕ್ಕದಲ್ಲಿ ಒಂದಾಳು ಮಲಗುವಷ್ಟು ನೆಲ ಬಿಟ್ಟು, "ಇದು ನಂದು, ಯಾರೂ ಗುದ್ದಲಿ ಹಾಕ್ಬೇಡಿ" ಅಂದ. ಆಮೇಲೆ ಆ ತುಂಡಿನಲ್ಲಿ ಅವನು ಒಂದು ಪೈರೂ ಹಾಕಲಿಲ್ಲ. ಎಮ್ಮೆ ಅಲ್ಲಿ ಕಾಲಿಟ್ಟರೆ ಎಮ್ಮೆಗೂ ಬೈಗುಳ, ಬಿಟ್ಟವರಿಗೂ ಬೈಗುಳ.

ನಮ್ಮ ಗದ್ದೆ ಇದ್ದದ್ದು ತಿರುವಿನ ಹೊರದಂಡೆಯಲ್ಲಿ. ಮೇಲುಗಡೆ ಟ್ರ್ಯಾಕ್ಟರುಗಳು ಮರಳು ಬಗೆದು ಬಗೆದು ಹೊಳೆ ಆಳವಾದ ಮೇಲೆ ನೀರಿನ ರಭಸವೇ ಬೇರೆಯಾಯಿತು. ಒಂದೊಂದು ಮಳೆಗಾಲಕ್ಕೂ ದಂಡೆ ಇಷ್ಟಿಷ್ಟೇ ಕಳಚಿ ಬೀಳುತ್ತಿತ್ತು. ಕಳಚಿದ ಮಣ್ಣು ಹೋಗಿ ಎದುರು ದಂಡೆಗೆ ಮೆತ್ತಿಕೊಳ್ಳುತ್ತಿತ್ತು. ಅಲ್ಲಿಯವರು ಅದರಲ್ಲಿ ಸೌತೆ ಹಾಕಿದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

"ಅಪ್ಪಾ, ಅವ್ವನ್ನ ಮೇಲಿನ ಹೊಲಕ್ಕೆ ತಂದು ಮಡಗಾಣ" ಅಂದೆ.

"ಮಣ್ಣು ಮಾಡಿದ್ಮೇಲೆ ಕೆದಕ್ತಾರೇನವ್ವಾ? ಮಲಗಿರೋಳ್ನ ಎಬ್ಬಿಸ್ಬಾರ್ದು. ಓದ್ದೋಳು ನೀನು, ಇಂಥ ಮಾತಾಡ್ತೀಯಲ್ಲ."

ಅಣ್ಣನೂ ಹೌದೆಂದು ತಲೆಯಾಡಿಸಿದ. ನಮ್ಮ ಕಡೆ ಇದು ವಾದ ಮಾಡುವ ವಿಷಯವೇ ಅಲ್ಲ.

ಬದಲಿಗೆ ಅಣ್ಣ ಲಾರಿಯಲ್ಲಿ ಸೈಜುಗಲ್ಲು ತರಿಸಿ, ಸಮಾಧಿಯ ಎದುರಿಗೆ ಮಾತ್ರ ದಂಡೆಗೆ ಗೋಡೆ ಕಟ್ಟಿಸಿದ. ಪಕ್ಕದ ಗದ್ದೆ ದಾಯಾದಿಗಳದ್ದು. ಅವರು ತಮ್ಮ ಕಡೆ ಒಂದು ಕಲ್ಲಿಡುವುದಕ್ಕೂ ಬಿಡಲಿಲ್ಲ. ತುಂಡುಗೋಡೆ ಕಟ್ಟಿದರೆ ನೀರು ಅದಕ್ಕೆ ಬಡಿದು ತಿರುಗಿ, ಗೋಡೆ ಮುಗಿಯುವ ಕಡೆಯಿಂದ ಇನ್ನೂ ಜೋರಾಗಿ ಕೊರೆಯುತ್ತದೆ ಎಂದು ನಾನು ಬಡಕೊಂಡೆ.

"ನಿನ್ ಪಾಟ ಇಸ್ಕೂಲ್ನಲ್ಲಿ ಮಡಿಕೊ" ಅಂದ ಅಣ್ಣ.

ಅಪ್ಪ ಮಾತ್ರ ಸಂಜೆ ಸಂಜೆ ಹೋಗಿ ಗೋಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವನು ಅಷ್ಟು ನೆಮ್ಮದಿಯಾಗಿದ್ದದ್ದನ್ನು ಅವ್ವ ಹೋದ ಮೇಲೆ ನಾನು ಕಂಡಿರಲಿಲ್ಲ.

ಆ ವರ್ಷ ಮಾರ್ನಾಮಿಗೆ ಮುಂಚೆ ಹಿಡಿದ ಮಳೆ ಬಿಡಲೇ ಇಲ್ಲ. ಹೊಳೆ ಇಳಿದ ಮೇಲೆ, ಹಬ್ಬದ ದಿನ, ಅವ್ವನಿಗೆ ಎಡೆ ತೆಗೆದುಕೊಂಡು ಎಲ್ಲರೂ ಹೋದೆವು. ಗೋಡೆ ನೆಟ್ಟಗೆ ನಿಂತಿತ್ತು, ನೀರಿನ ನಡುವೆ. ಅದರ ಹಿಂದೆ ಸಮಾಧಿಯೂ ಇರಲಿಲ್ಲ, ಅಪ್ಪನ ಜಾಗವೂ ಇರಲಿಲ್ಲ. ಕೆಂಪು ನೀರು ಸುಳಿ ತಿರುಗುತ್ತಿತ್ತು. ಅತ್ತಿಗೆ ಎಡೆಯ ಕುಕ್ಕೆಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ತಲೆಯ ಮೇಲೆ ಹೊತ್ತುಕೊಂಡೇ ನಿಂತಿದ್ದಳು. ನಾನು ಹೇಳಿದ್ದೇ ಸರಿಯಾಗಿತ್ತು. ಅಷ್ಟು ಅಸಹ್ಯವಾದ ಸರಿ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಅಪ್ಪ ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನನ್ನೂ ಅಣ್ಣನನ್ನೂ ಹತ್ತಿರ ಕರೆದ.

"ನನ್ನ ಆ ದಂಡೆ ತುದೀಲೇ ಮಡಗ್ರಿ. ಇನ್ನೊಂದ್ ಮಳೆ ಬಂದ್ರೆ ಸಾಕು, ಅವಳು ಹೋದ ದಾರೀಲೇ ನಾನೂ ಹೋಯ್ತೀನಿ."

"ಬುಡಪ್ಪ, ಏನೇನೋ ಮಾತಾಡ್ಬೇಡ" ಎಂದು ಅಣ್ಣ ಎದ್ದು ಹೊರಗೆ ಹೋದ. ನಾನು ಅಪ್ಪನ ಕೈ ಹಿಡಿದುಕೊಂಡು ಅತ್ತೆ.

ಅವನು ತೀರಿಕೊಂಡ ದಿನ ನಾನು ಬಸ್ಸಿಳಿದು ಊರು ಮುಟ್ಟುವಷ್ಟರಲ್ಲಿ ಮೇಲಿನ ಹೊಲದಲ್ಲಿ ಗುಂಡಿ ತೆಗೆದಾಗಿತ್ತು. ತೆಗೆದ ಗುಂಡಿಯನ್ನು ಖಾಲಿ ಮುಚ್ಚುವ ಹಾಗಿಲ್ಲ.

"ಗೊತ್ತಿದ್ದೂ ಗೊತ್ತಿದ್ದೂ ಅಪ್ಪನ್ನ ಹೊಳೆಗೆ ಕೊಟ್ಬುಟ್ರೆ ಊರೋರು ಮಕಕ್ಕೆ ಉಗೀತಾರೆ ಕಣವ್ವ" ಅಂದ ಅಣ್ಣ. ಅವನ ಕಣ್ಣುಗಳೂ ಅತ್ತು ಊದಿಕೊಂಡಿದ್ದವು. ಹೆಣ ಮುಂದಿಟ್ಟುಕೊಂಡು ನಾನು ಅವನ ಜೊತೆ ಏನು ಜಗಳವಾಡಲಿ?

ಮೂರನೆಯ ದಿನ ಹೋಗಿ ಹಾಲುತುಪ್ಪ ಬಿಟ್ಟು ಬಂದೆವು. ಗಟ್ಟಿ ಕಲ್ಲುನೆಲ, ಅಲ್ಲಿಂದ ಹೊಳೆ ಕಾಣಿಸುವುದೂ ಇಲ್ಲ. ಎಂಥ ಮಳೆ ಬಂದರೂ ಅಪ್ಪ ಅಲ್ಲಿಂದ ಕದಲುವುದಿಲ್ಲ.